ಅಮ್ಮತ್ತಿ ‘ಅಮತಿ’ಯಾದದ್ದು: ಕೊಡಗಿನ ರಸ್ತೆ ಬೋರ್ಡುಗಳನ್ನು ಕಂಪ್ಯೂಟರಿನಿಂದ ಓದಿಸಿದ ಎಂಟು ತಿಂಗಳು

ಕಳೆದ ಆಗಸ್ಟ್‌ನ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಮೂರು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆ. ಕರೆಂಟ್ ಇಲ್ಲ, ಫೋನಿನಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಬಂತು. ಹೇಗೋ ಆಂಬುಲೆನ್ಸ್‌ಗೆ ಹೇಳಿದೆವು. ಅಮ್ಮತ್ತಿಯಿಂದ ಪಾಲಿಬೆಟ್ಟದ ಕಡೆ ಬಂದು ಒಂದು ಕವಲಿನಲ್ಲಿ ಎಡಕ್ಕೆ ತಿರುಗಿದರೆ ನಮ್ಮ ಮನೆ. ಚಾಲಕರು ಹೊರ ಜಿಲ್ಲೆಯವರು, ಅವರ ಫೋನಿನಲ್ಲಿ ಮ್ಯಾಪ್ ತೆರೆಯಲಿಲ್ಲ. ಕವಲಿನಲ್ಲಿ ಬೋರ್ಡ್ ಇತ್ತು. ಅದರ ಮೇಲೆ ಪಾಚಿ ಕಟ್ಟಿತ್ತು, ಮುಂದೆ ಲಂಟಾನದ ಪೊದೆ ಬೆಳೆದಿತ್ತು. ಗಾಡಿ ಬಲಕ್ಕೆ ಹೋಗಿ, ಯಾವುದೋ ಎಸ್ಟೇಟಿನ ಗೇಟಿನ ತನಕ ಮುಟ್ಟಿ, ಹಿಂದೆ ಬಂದು ನಮ್ಮಂಗಳ ಸೇರುವಾಗ ನಲವತ್ತು ನಿಮಿಷ ತಡವಾಗಿತ್ತು. ಅಪ್ಪ ಉಳಿದರು. ಆ ನಲವತ್ತು ನಿಮಿಷ ಅವ್ವ ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತದ್ದನ್ನು ನಾನು ಮರೆಯಲಾರೆ.

ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ದಾರಿ ಹೇಳುವುದು ಬೋರ್ಡ್ ಮಾತ್ರ. ಎಲ್ಲೆಲ್ಲಿ ಬೋರ್ಡ್ ಇದೆ, ಯಾವುದು ಓದಲು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಒಂದು ಪಟ್ಟಿ ಮಾಡಿ ಸಂಬಂಧಪಟ್ಟವರ ಕೈಗೆ ಕೊಡಬೇಕು ಅಂದುಕೊಂಡೆ. ಒಂದೊಂದನ್ನೇ ನೋಡಿ ಬರೆದುಕೊಳ್ಳುವ ಕೆಲಸಕ್ಕೆ ವರ್ಷಗಳೇ ಬೇಕು. ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಅದೇ ಬೋರ್ಡನ್ನು ಹುಡುಕಿ, ಅಕ್ಷರ ಓದಿ, ನಕ್ಷೆಯಲ್ಲಿ ಗುರುತು ಹಾಕುತ್ತದೆ ಎಂದು ಕೇಳಿದ್ದೆ. ನಾನು ಓದಿದ್ದು ಬಿ.ಕಾಂ. ತೋಟದ ಲೆಕ್ಕ ನೋಡುತ್ತೇನೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಎರಡು ವರ್ಷದಿಂದ ಆನ್‌ಲೈನಿನಲ್ಲಿ ಕಲಿತಿದ್ದೇನೆ. ಅಷ್ಟು ಬಂಡವಾಳದಲ್ಲಿ ಶುರುಮಾಡಿದ ಕೆಲಸ ಮೊನ್ನೆ ಮುಗಿಯಿತು. ಇದೇ ದಾರಿಗೆ ಇಳಿಯುವವರು ನಾನು ಎಡವಿದಲ್ಲೇ ಎಡವಬಾರದು ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಮಳೆ ಹಿಂದೆ ಸರಿದ ಮೇಲೆ ನವೆಂಬರಿನಲ್ಲಿ ಫೋಟೊ ಕೆಲಸಕ್ಕೆ ಕೈಹಾಕಿದೆ. ಚಿಕ್ಕಪ್ಪನ ಮಗ ಬೈಕ್ ಓಡಿಸಿದ, ನಾನು ಹಿಂದೆ ಕೂತು ತೆಗೆದೆ. ವಿರಾಜಪೇಟೆ, ಗೋಣಿಕೊಪ್ಪಲು, ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ; ಈ ಕಡೆ ಸಿದ್ದಾಪುರ, ಚೆಟ್ಟಳ್ಳಿ, ಮಡಿಕೇರಿ, ಮೂರ್ನಾಡು, ನಾಪೋಕ್ಲು. ಕಾಫಿ ಕೊಯ್ಲು ಶುರುವಾದ ಮೇಲೆ ಭಾನುವಾರ ಮಾತ್ರ ಬಿಡುವು. ಜನವರಿ ಮುಗಿಯುವಾಗ ಸುಮಾರು 1,500 ಕಿಲೋಮೀಟರ್ ಸುತ್ತಿ 2,860 ಫೋಟೊ ಸೇರಿದ್ದವು. ಪೆಟ್ರೋಲಿಗೆ ಮೂರೂವರೆ ಸಾವಿರ ಹೋಯಿತು.

ಮೊದಲ ಪೆಟ್ಟು ಬಿದ್ದದ್ದು ವಾಟ್ಸ್‌ಆ್ಯಪ್‌ನಿಂದ. ಸೋಮವಾರಪೇಟೆ ಕಡೆಯ ಸ್ನೇಹಿತೆಯರು ಶನಿವಾರಸಂತೆ ದಾರಿಯ ಮುನ್ನೂರಕ್ಕೂ ಹೆಚ್ಚು ಫೋಟೊ ಕಳಿಸಿದ್ದರು. ತೆರೆದು ನೋಡಿದರೆ ಒಂದರಲ್ಲೂ ಸ್ಥಳದ ಮಾಹಿತಿ ಇಲ್ಲ. ಫೋಟೊ ಎಲ್ಲಿ ತೆಗೆದದ್ದು ಎಂಬ ಅಕ್ಷಾಂಶ ರೇಖಾಂಶ ಫೋಟೊ ಫೈಲಿನ ಒಳಗೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಪಾಪ, ಅವರು ಮತ್ತೊಮ್ಮೆ ಎಲ್ಲವನ್ನೂ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕಾಯಿತು. ಬೇರೆಯವರಿಂದ ಫೋಟೊ ತರಿಸುವವರು ಇದನ್ನು ಮೊದಲ ದಿನವೇ ಹೇಳಿಬಿಡಿ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದೆಯೇ ಎಂದೂ ನೋಡಲು ಹೇಳಿ.

ಸಂಜೆ ಹೊತ್ತು ಫ್ಲ್ಯಾಶ್ ಹಾಕಬೇಡಿ. ಈಗಿನ ಬೋರ್ಡುಗಳ ಮೇಲೆ ಬೆಳಕನ್ನು ಬಂದ ಕಡೆಗೇ ತಿರುಗಿಸುವ ಹಾಳೆ ಅಂಟಿಸಿರುತ್ತಾರೆ. ಹೆಡ್‌ಲೈಟಿಗೆ ಅದು ಹೊಳೆಯಲಿ ಎಂದೇ ಹಾಗೆ ಮಾಡಿರುವುದು. ಫ್ಲ್ಯಾಶ್ ಬಿದ್ದರೆ ಬೋರ್ಡ್ ಪೂರ್ತಿ ಬೆಳ್ಳಗಾಗಿ ಅಕ್ಷರವೇ ಕಾಣುವುದಿಲ್ಲ. ತಿತಿಮತಿಯಿಂದ ಆಚೆ ಕಾಡಿನೊಳಗಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಅಲ್ಲಿ ಓಡುವ ಬೈಕಿನಿಂದ ತೆಗೆದ ಫೋಟೊಗಳಲ್ಲಿ ಅರ್ಧ ಮಸುಕು. ಮಂಜು ಬಿದ್ದ ಬೆಳಗಿನವುಗಳನ್ನು ಮಾತ್ರ ನಾನು ಎಸೆಯಲಿಲ್ಲ. ನಮ್ಮ ರಸ್ತೆಗಳು ವರ್ಷದಲ್ಲಿ ಎಷ್ಟೋ ದಿನ ಇರುವುದೇ ಹಾಗೆ, ಯಂತ್ರವೂ ಅದನ್ನು ನೋಡಿ ಕಲಿಯಬೇಕು.

ಬೋರ್ಡನ್ನು ಹುಡುಕುವ ಕೆಲಸಕ್ಕೆ ‘ಯೋಲೊ’ (ಯು ಓನ್ಲಿ ಲುಕ್ ಒನ್ಸ್) ಎಂಬ, ಚಿತ್ರ ತೋರಿಸಿ ಕಲಿಸಬಹುದಾದ ಕಂಪ್ಯೂಟರ್ ಮಾದರಿ ಆರಿಸಿಕೊಂಡೆ. ಚಿತ್ರವನ್ನು ಒಂದೇ ಸಲ ನೋಡಿ ಎಲ್ಲೆಲ್ಲಿ ಏನಿದೆ ಎಂದು ಚೌಕ ಹಾಕಿ ತೋರಿಸುವುದರಿಂದ ಅದಕ್ಕೆ ಆ ಹೆಸರು. ಇಳಿಸಿಕೊಂಡ ಕೂಡಲೇ ನಮ್ಮ ಫೋಟೊ ಕೊಟ್ಟು ನೋಡಿದೆ. ಅದು ಮೊದಲೇ ಕಲಿತು ಬಂದಿರುವ 80 ವಸ್ತುಗಳಲ್ಲಿ ರಸ್ತೆ ಫಲಕ ಅಂತ ಇರುವುದು ‘ಸ್ಟಾಪ್’ ಒಂದೇ. ನಮ್ಮ ಕಿಲೋಮೀಟರ್ ಕಲ್ಲನ್ನು ಅದು ಬೆಂಕಿ ಆರಿಸುವ ನೀರಿನ ಕೊಳಾಯಿ ಎಂದು ಗುರುತಿಸಿತು. ಜರ್ಮನಿಯ ಸಂಚಾರ ಫಲಕಗಳ ಹೆಸರಾಂತ ಸಂಗ್ರಹವೊಂದಿದೆ, 43 ಬಗೆಯ ಫಲಕಗಳ 50,000ಕ್ಕೂ ಹೆಚ್ಚು ಚಿತ್ರ. ಕೆಂಪಂಚಿನ ತ್ರಿಕೋನ ಎಂದರೆ ಎಚ್ಚರಿಕೆ, ಕೆಂಪಂಚಿನ ದುಂಡು ಎಂದರೆ ನಿಷೇಧ ಎಂಬುದು ಅಲ್ಲಿಯೂ ನಮ್ಮಲ್ಲಿಯೂ ಒಂದೇ ಆದ್ದರಿಂದ ತಿರುವಿನ ಎಚ್ಚರಿಕೆ ಫಲಕಗಳಿಗೆ ಅದರಿಂದ ಸ್ವಲ್ಪ ಸಹಾಯವಾಯಿತು. ಊರ ಹೆಸರಿನ ಬೋರ್ಡಿಗೆ, ಹಳದಿ ತಲೆಯ, ಹಸಿರು ತಲೆಯ ಮೈಲಿಗಲ್ಲಿಗೆ ನಾವೇ ಕಲಿಸಬೇಕು, ಬೇರೆ ದಾರಿಯಿಲ್ಲ.

ಕಲಿಸುವುದೆಂದರೆ ಪ್ರತಿ ಫೋಟೊದಲ್ಲಿ ಬೋರ್ಡಿನ ಸುತ್ತ ಮೌಸ್‌ನಿಂದ ಚೌಕ ಎಳೆದು ಅದು ಯಾವ ಬಗೆ ಎಂದು ಬರೆಯುವುದು. ಫೆಬ್ರವರಿಯ ಇಪ್ಪತ್ತಮೂರು ರಾತ್ರಿಗಳು ಇದಕ್ಕೇ ಹೋದವು. ಕಣ್ಣು ಉರಿಯುತ್ತಿತ್ತು. ಅವ್ವ ಬಂದು ‘ಸಾಕು ಮಲಗು ಮಗಳೆ’ ಅನ್ನುವಳು, ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ‘ಇದು ಹುದಿಕೇರಿ ಹತ್ತಿರದ್ದು, ಇದು ಬಿಟ್ಟಂಗಾಲದ್ದು’ ಎಂದು ಗುರುತು ಹಿಡಿಯುವರು. ಅವರು ಜೊತೆಗಿಲ್ಲದಿದ್ದರೆ ಆ ತಿಂಗಳು ನಾನು ಕೆಲಸ ಬಿಟ್ಟಿರುತ್ತಿದ್ದೆ.

ಒಂದು ವಾರದ ದುಡಿಮೆ ಮಾತ್ರ ಹಾಳಾಯಿತು. ಫೋನನ್ನು ಅಡ್ಡ ಹಿಡಿದೋ ನೆಟ್ಟಗೆ ಹಿಡಿದೋ ತೆಗೆದರೆ ‘ಈ ಚಿತ್ರವನ್ನು ತಿರುಗಿಸಿ ತೋರಿಸು’ ಎಂಬ ಸೂಚನೆ ಮಾತ್ರ ಫೈಲಿನಲ್ಲಿರುತ್ತದೆ. ಒಂದು ತಂತ್ರಾಂಶ ಆ ಸೂಚನೆ ಪಾಲಿಸುತ್ತದೆ, ಇನ್ನೊಂದು ಪಾಲಿಸುವುದಿಲ್ಲ. ಹೀಗಾಗಿ ನಾನು ಬೋರ್ಡಿಗೆ ಎಳೆದ ಚೌಕಗಳು ಸುಮಾರು ಮುನ್ನೂರು ಚಿತ್ರಗಳಲ್ಲಿ ಸಿಲ್ವರ್ ಮರದ ಬುಡಕ್ಕೆ ಹೋಗಿ ಕೂತಿದ್ದವು. ಗುರುತು ಹಾಕುವ ಮೊದಲೇ ಎಲ್ಲ ಚಿತ್ರಗಳನ್ನೂ ಶಾಶ್ವತವಾಗಿ ನೇರ ಮಾಡಿಟ್ಟುಕೊಳ್ಳಿ.

ತರಬೇತಿಗೆ ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನಲ್ಲಿರಲಿಲ್ಲ, ಅದನ್ನು ಇಂಟರ್ನೆಟ್ಟಿನಲ್ಲಿ ಬಳಸಲು ಕೊಡುವ ಗೂಗಲ್ ಕೊಲ್ಯಾಬ್‌ನ ಉಚಿತ ಸೌಲಭ್ಯ ಹಿಡಿದೆ. ಊರಿನಿಂದ ಒಂಬತ್ತು ಜಿಬಿ ಫೋಟೊ ಏರಿಸಲು ಆಗಲೇ ಇಲ್ಲ, ಹಾರ್ಡ್ ಡಿಸ್ಕ್ ಹಿಡಿದು ಮೈಸೂರಿನ ಅಕ್ಕನ ಮನೆಗೆ ಹೋದೆ. ಉಚಿತ ಸೌಲಭ್ಯ ಯಾವಾಗ ಕಡಿದುಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಮೊದಲ ಸಲ ಐದು ಗಂಟೆಯ ತರಬೇತಿ ನಡುವೆ ನಿಂತು ಎಲ್ಲವೂ ಹೋಯಿತು. ಪ್ರತಿ ಸುತ್ತಿನ ಫಲಿತಾಂಶ ಗೂಗಲ್ ಡ್ರೈವ್‌ನಲ್ಲಿ ಉಳಿಯುವಂತೆ ಮಾಡಿಕೊಳ್ಳಿ. ಅಂಥದೇ ಇನ್ನೊಂದು ತಾಣ ಕ್ಯಾಗಲ್‌ನಲ್ಲಿಯೂ ಫೋನ್ ನಂಬರ್ ದೃಢೀಕರಿಸಿದರೆ ವಾರಕ್ಕೆ ಸುಮಾರು 30 ಗಂಟೆ ಉಚಿತವಾಗಿ ಸಿಗುತ್ತದೆ. ಎರಡನ್ನೂ ಸರದಿಯಲ್ಲಿ ಬಳಸಿದೆ, ತರಬೇತಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಮೊದಲ ತರಬೇತಿ ಮುಗಿದಾಗ ಪರೀಕ್ಷೆಯಲ್ಲಿ ಒಂದಕ್ಕೆ 0.97 ಅಂಕ ಬಂತು. ಕುಣಿದಾಡಿದೆ, ಅಕ್ಕನಿಗೆ ಮೈಸೂರುಪಾಕು ತಂದುಕೊಟ್ಟೆ. ಊರಿಗೆ ಬಂದು ಶನಿವಾರಸಂತೆ ರಸ್ತೆಯ ಚಿತ್ರ ಕೊಟ್ಟರೆ ಹತ್ತರಲ್ಲಿ ನಾಲ್ಕು ಬೋರ್ಡ್ ಬಿಟ್ಟುಬಿಡುತ್ತಿದೆ. ತಪ್ಪು ತಿಳಿಯಲು ಎರಡು ದಿನ ಬೇಕಾಯಿತು. ಒಂದೇ ಬೋರ್ಡಿನ ನಾಲ್ಕೈದು ಫೋಟೊ ನನ್ನಲ್ಲಿದ್ದವು. ಕಲಿಕೆಗೆ ಮತ್ತು ಪರೀಕ್ಷೆಗೆ ಚಿತ್ರಗಳನ್ನು ಮನಸ್ಸಿಗೆ ಬಂದಂತೆ ಹಂಚಿದ್ದರಿಂದ, ಓದಿದ ಪ್ರಶ್ನೆಯೇ ಪರೀಕ್ಷೆಗೆ ಬಂದಿತ್ತು. ರಸ್ತೆಯ ಪ್ರಕಾರ ಹಂಚಿ. ಒಂದು ರಸ್ತೆಯನ್ನು ಪೂರ್ತಿ ಮುಚ್ಚಿಟ್ಟು ಪರೀಕ್ಷೆಗೆ ಮಾತ್ರ ತೆಗೆಯಿರಿ. ಹಾಗೆ ಮಾಡಿದ ಮೇಲೆ ಬಂದ ನಿಜವಾದ ಅಂಕ 0.71.

ಅಲ್ಲಿಂದ ಮೇಲೇರಿಸಲು ಮಾಡಿದ್ದರಲ್ಲಿ ಮೂರು ಕೆಲಸ ಕೈಹಿಡಿದವು. ದೊಡ್ಡ ಫೋಟೊವನ್ನು ಮಾದರಿ 640 ಚುಕ್ಕಿಯ (ಪಿಕ್ಸೆಲ್) ಅಗಲಕ್ಕೆ ಕುಗ್ಗಿಸಿ ನೋಡುತ್ತದೆ. 4,000 ಚುಕ್ಕಿ ಅಗಲದ ಫೋಟೊದಲ್ಲಿ 80 ಚುಕ್ಕಿ ಇದ್ದ ಬೋರ್ಡ್ ಆಗ 13 ಚುಕ್ಕಿಗೆ ಇಳಿಯುತ್ತದೆ. ಅದರಲ್ಲಿ ಮನುಷ್ಯನ ಕಣ್ಣಿಗೂ ಏನೂ ಕಾಣದು. ಫೋಟೊವನ್ನು ಅಂಚುಗಳು ಒಂದರ ಮೇಲೊಂದು ಬರುವ ತುಂಡುಗಳಾಗಿ ಕತ್ತರಿಸಿ ಕೊಟ್ಟ ಮೇಲೆ ದೂರದ ಬೋರ್ಡುಗಳೂ ಸಿಕ್ಕವು. ಎರಡನೆಯದು ಹೋಂಸ್ಟೇ ಬೋರ್ಡುಗಳ ಕಾಟ. ಪ್ರತಿ ಕವಲಿನಲ್ಲಿ ಬಾಣದ ಗುರುತಿನ ಹತ್ತು ಹೋಂಸ್ಟೇ, ಮೇಲೆ ಮದುವೆಯ ಬ್ಯಾನರ್, ಪಕ್ಕದಲ್ಲಿ ಎಸ್ಟೇಟಿನ ಹೆಸರು. ಯಂತ್ರ ಎಲ್ಲವನ್ನೂ ಊರ ಬೋರ್ಡ್ ಎನ್ನುತ್ತಿತ್ತು. ಅವನ್ನು ಸುಮ್ಮನೆ ಬಿಡುವ ಬದಲು ‘ಖಾಸಗಿ ಬೋರ್ಡ್’ ಎಂದು ಬೇರೆ ಬಗೆಯಾಗಿಯೇ ಕಲಿಸಿದೆ, ಗೊಂದಲ ತಟ್ಟನೆ ಇಳಿಯಿತು. ಬೋರ್ಡಿನ ಬೆನ್ನಿನ ಬೂದು ತಗಡಿಗೂ ಹಾಗೆಯೇ ಮಾಡಿದೆ.

ಮೂರನೆಯದು ಗೊತ್ತಿಲ್ಲದವರಿಗೆ ಬಲು ಅಪಾಯ. ತರಬೇತಿಯ ಹೊತ್ತಿಗೆ ಯೋಲೊ ತಾನಾಗಿಯೇ ಅರ್ಧದಷ್ಟು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸುತ್ತದೆ. ನಾಯಿ ಬೆಕ್ಕುಗಳಿಗೆ ಅದರಿಂದ ತೊಂದರೆಯಿಲ್ಲ. ಎಡ ತಿರುವು ಬಲ ತಿರುವಾದರೆ? ನಮ್ಮ ಘಾಟಿಯ ರಸ್ತೆಯಲ್ಲಿ ಕಾಲು ಮೈಲಿಗೊಂದು ತಿರುವಿನ ಫಲಕ. ಯಂತ್ರಕ್ಕೆ ಎಡ ಬಲ ಯಾವುದೆಂದೇ ತಿಳಿಯದಾಯಿತು. ‘ಫ್ಲಿಪ್‌ಎಲ್‌ಆರ್’ ಎಂಬ ಆಯ್ಕೆಯನ್ನು ಸೊನ್ನೆ ಮಾಡಿ. ಇದೊಂದಕ್ಕೆ ನಾನು ಹನ್ನೊಂದು ದಿನ ಕಳೆದೆ.

ಏಪ್ರಿಲ್‌ನಲ್ಲಿ ಓದಿಸುವ ಕೆಲಸ. ಇದೇ ಕಷ್ಟದ ಭಾಗ, ಇದೇ ನನಗೆ ತುಂಬ ಹಿಡಿಸಿದ ಭಾಗ ಕೂಡ.

ಟೆಸೆರಾಕ್ಟ್‌ಗೂ ಈಸಿ ಓಸಿಆರ್‌ಗೂ ಕನ್ನಡ ಬರುತ್ತದೆ. ಎರಡೂ ಚಿತ್ರದಲ್ಲಿರುವ ಅಕ್ಷರ ಓದುವ ತಂತ್ರಾಂಶಗಳು. ಟೆಸೆರಾಕ್ಟ್ ಪುಸ್ತಕದ ಪುಟಕ್ಕೆ ಒಗ್ಗಿದ್ದು, ರಸ್ತೆ ಬದಿಯ ಫೋಟೊದಲ್ಲಿ ತಡವರಿಸಿತು. ಈಸಿ ಓಸಿಆರ್ ವಾಸಿ. ಆದರೆ ನನ್ನ ಮೊದಲ ಫಲಿತಾಂಶದ ಪಟ್ಟಿ ಹೀಗಿತ್ತು: ಅಮತಿ, ಚೆಟಳಿ, ಪಾಲಿಬೆಟ, ಕುಟ, ಗೋಣಿಕೊಪಲು. ಒಂದರಲ್ಲೂ ಒತ್ತು ಇಲ್ಲ! ಕತ್ತರಿಸಿದ ತುಂಡುಗಳನ್ನು ತೆರೆದು ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಅಕ್ಷರಗಳ ಸಾಲನ್ನು ಯಂತ್ರ ಬಿಗಿಯಾಗಿ ಕತ್ತರಿಸುವಾಗ ಸಾಲಿನ ಕೆಳಗೆ ಇಳಿದ ಒತ್ತಕ್ಷರಗಳು ಚೌಕದ ಹೊರಗೆ ಉಳಿಯುತ್ತಿದ್ದವು. ಇಂಗ್ಲಿಷಿಗೆ ಮಾಡಿದ ಅಳತೆಯಲ್ಲಿ ಕನ್ನಡದ ಕಾಲು ಹೊರಗೆ ಉಳಿದಿತ್ತು. ತುಂಡಿನ ಎತ್ತರದ ಮೂರನೇ ಒಂದು ಭಾಗದಷ್ಟು ಕೆಳಗಡೆ ಹೆಚ್ಚಿಗೆ ಬಿಟ್ಟು ಕತ್ತರಿಸಿದ ಮೇಲೆ ಅರ್ಧಕ್ಕಿಂತ ಹೆಚ್ಚು ಹೆಸರು ಸರಿಯಾದವು.

ಉಳಿದವುಗಳಿಗೆ ಗೋಣಿಕೊಪ್ಪಲಿನಲ್ಲಿ ಬೋರ್ಡ್ ಬರೆಯುವ ಆರ್ಟಿಸ್ಟ್ ಅಣ್ಣನ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಬ್ರಷ್ ಹಿಡಿದವರು. ಚಿತ್ರಗಳನ್ನು ನೋಡಿ, ‘ತಗಡಿನ ಅಳತೆ ಅವರು ಕೊಟ್ಟಷ್ಟೇ ಅಲ್ವ? ಕೆಳಗೆ ಇಂಗ್ಲಿಷ್ ಬೇರೆ ಬರೀಬೇಕು. ಜಾಗ ಎಲ್ಲಿದೆ, ಒತ್ತನ್ನೇ ಸಣ್ಣ ಮಾಡ್ಬೇಕು’ ಎಂದರು. ‘ಮ’ ಬರೆಯುವಾಗ ಕೆಲವರು ‘ವ’ಕ್ಕೆ ಕೊಂಬು ಕೊಟ್ಟ ಹಾಗೆ ಬ್ರಷ್ ಎಳೆಯುತ್ತಾರೆ ಎಂದು ಬರೆದೂ ತೋರಿಸಿದರು. ಯಂತ್ರ ಮಡಿಕೇರಿಯನ್ನು ಏಕೆ ‘ವುಡಿಕೇರಿ’ ಎಂದು ಓದುತ್ತಿತ್ತು ಎಂದು ನನಗೆ ತಿಳಿದದ್ದು ಆಗ. ಮೂರ್ನಾಡಿನದು ಇನ್ನೂ ವಿಚಿತ್ರ: ಅರ್ಕಾವೊತ್ತನ್ನು ಅದು ಕನ್ನಡದ ಒಂಬತ್ತು ಎಂದು ಓದಿ, ನನ್ನ ಪ್ರೋಗ್ರಾಂ ಅದನ್ನು ಒಂಬತ್ತು ಕಿಲೋಮೀಟರ್ ಎಂದು ಬರೆದಿಟ್ಟಿತ್ತು.

ತಪ್ಪಾಗಿ ಓದಿದ ಹೆಸರನ್ನು ತಿದ್ದಲು ಜಿಲ್ಲೆಯ ಊರುಗಳ ಪಟ್ಟಿ ಇಟ್ಟುಕೊಂಡು, ಯಾವುದಕ್ಕೆ ಅತಿ ಕಡಿಮೆ ಬದಲಾವಣೆ ಸಾಕೋ ಅದನ್ನು ಆರಿಸುವುದು ರೂಢಿ. ಸುಲಭ ಅನ್ನಿಸಿತ್ತು. ಆದರೆ ಕಂಪ್ಯೂಟರ್ ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ, ವ್ಯಂಜನ, ಗುಣಿತ, ಹಲಂತ ಬೇರೆ ಬೇರೆಯಾಗಿರುವ ಯುನಿಕೋಡ್ ಚಿಹ್ನೆಯನ್ನು. ‘ಅಮತಿ’ಯನ್ನು ‘ಅಮ್ಮತ್ತಿ’ ಮಾಡಲು ನಾಲ್ಕು ಬದಲಾವಣೆ ಬೇಕು. ಅದನ್ನೇ ‘ತಿತಿಮತಿ’ ಮಾಡಲೂ ನಾಲ್ಕೇ! ಹೀಗೆ ಅಮ್ಮತ್ತಿಯ ಆರು ಬೋರ್ಡುಗಳು ನಕ್ಷೆಯಲ್ಲಿ ತಿತಿಮತಿಯವು ಎಂದಾದವು. ನಮ್ಮ ಪಕ್ಕದ ಅಮ್ಮತ್ತಿಯ ಬೋರ್ಡೇ ಇನ್ನೊಂದು ಊರಿನದಾಗಿ ಕಂಡಾಗ ಎದೆ ಧಸಕ್ಕೆಂದಿತು. ಆಂಬುಲೆನ್ಸ್ ದಾರಿ ತಪ್ಪಿದ್ದೂ ಇಂಥದ್ದರಿಂದಲೇ ಅಲ್ಲವೆ?

ಪರಿಹಾರ ಸಿಕ್ಕಿದ್ದು ಒಂದು ರಾತ್ರಿ ಪಟ್ಟಿಯನ್ನು ಕೈಯಲ್ಲಿ ಬರೆಯುವಾಗ. ಊರ ಪಟ್ಟಿಯಲ್ಲಿ ಪ್ರತಿ ಹೆಸರಿಗೆ ಇನ್ನೊಂದು ರೂಪ ಸೇರಿಸಿದೆ: ಒತ್ತನ್ನು ಮೂಡಿಸುವ ಹಲಂತದ ಚಿಹ್ನೆಯನ್ನೂ ಅದರ ಮುಂದಿನ ವ್ಯಂಜನವನ್ನೂ ತೆಗೆದ ರೂಪ. ಅಮ್ಮತ್ತಿಗೆ ‘ಅಮತಿ’, ಚೆಟ್ಟಳ್ಳಿಗೆ ‘ಚೆಟಳಿ’. ಯಂತ್ರ ಒತ್ತು ನುಂಗಿದರೂ ಈಗ ನೇರ ಹೊಂದಾಣಿಕೆ. ಆದರೂ ಕುಟ್ಟ ಮತ್ತು ಮಾಕುಟ್ಟದ ಸಮಸ್ಯೆ ಉಳಿಯಿತು. ಒಂದು ವಯನಾಡಿನ ಕಡೆಯ ಗಡಿ, ಇನ್ನೊಂದು ವಿರಾಜಪೇಟೆಯಿಂದ ಇರಿಟ್ಟಿಗೆ ಇಳಿಯುವ ದಾರಿ. ಮಾಕುಟ್ಟದ ಮೊದಲ ಅಕ್ಷರ ಮಾಸಿದ್ದರೆ ಓದಿದ್ದು ಸರಿಯಾಗಿ ‘ಕುಟ್ಟ’ ಎಂದೇ ಆಗುತ್ತದೆ. ಅದಕ್ಕೆ ಅದೇ ಬೋರ್ಡಿನ ಇಂಗ್ಲಿಷ್ ಸಾಲನ್ನೂ, ಬರೆದ ಕಿಲೋಮೀಟರನ್ನೂ, ಫೋಟೊ ತೆಗೆದ ಜಾಗದಿಂದ ಆ ಊರಿಗಿರುವ ದೂರವನ್ನೂ ಸಾಕ್ಷಿಗೆ ಕರೆದೆ. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಹೆಸರು ನಕ್ಷೆಗೆ. ಮಲಯಾಳಂ ಬೋರ್ಡುಗಳನ್ನು ಈ ಸಲ ಮುಟ್ಟಲಿಲ್ಲ.

ನಕ್ಷೆಗೆ ಏರಿಸುವ ಮೊದಲು ಬಸ್ ತಂಗುದಾಣದ ಶಾಲೆ ಮಕ್ಕಳ ಮುಖ, ಗಾಡಿಗಳ ನಂಬರ್ ಪ್ಲೇಟ್ ಎಲ್ಲವನ್ನೂ ಮಸುಕು ಮಾಡಿದೆ. ದಯವಿಟ್ಟು ಇದನ್ನು ಬಿಡಬೇಡಿ. ಫೋಟೊದಲ್ಲಿರುವುದು ಫೋನ್ ಇದ್ದ ಜಾಗ, ಬೋರ್ಡ್ ಇದ್ದ ಜಾಗವಲ್ಲ ಎಂಬುದೂ ನೆನಪಿರಲಿ. ಮರಗಳ ಅಡಿಯಲ್ಲಿ ಜಿಪಿಎಸ್ ಇಪ್ಪತ್ತು ಮೂವತ್ತು ಮೀಟರ್ ಆಚೀಚೆ ಆಗುತ್ತದೆ, ಕವಲಿನಲ್ಲಿ ಅಷ್ಟರಲ್ಲೇ ಬೇರೆ ರಸ್ತೆ.

ಒಂದೇ ಬೋರ್ಡಿನ ಬೇರೆ ಬೇರೆ ಫೋಟೊಗಳನ್ನು ಒಂದು ಮಾಡಿದಾಗ ಒಟ್ಟು 1,130 ಬೋರ್ಡು. ಯಂತ್ರಕ್ಕೆ ಓದಲು ಬಾರದವು 164. ಅಷ್ಟನ್ನೂ ಹಾಗೇ ಬರೆದು ಕೊಟ್ಟಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಮೇ ತಿಂಗಳ ಬಿಸಿಲಲ್ಲಿ 164 ಕಡೆಗೂ ಮತ್ತೆ ಹೋದೆವು. ಚಿಕ್ಕಪ್ಪನ ಮಗ ಬೈಕಿನಲ್ಲಿ ನಿಧಾನವಾಗಿ ಬರುತ್ತ ಓದಬೇಕು, ಅವನಿಗೆ ಬಂದರೆ ಪಟ್ಟಿಯಿಂದ ತೆಗೆಯಬೇಕು. 106 ಬೋರ್ಡು ಚೆನ್ನಾಗಿಯೇ ಇದ್ದವು, ನನ್ನ ಫೋಟೊ ಕೆಟ್ಟಿತ್ತು, ಅಥವಾ ಕೈಬರಹ ಯಂತ್ರಕ್ಕೆ ತಿಳಿದಿರಲಿಲ್ಲ. ನಿಜಕ್ಕೂ ಓದಲಾಗದವು 58. ಪಾಚಿ, ಪೊದೆ, ತುಕ್ಕು, ಮೇಲೆ ಅಂಟಿಸಿದ ಪೋಸ್ಟರ್.

ಕಾಗದದ ಕೆಲಸ ಬೇರೆಯೇ ಕತೆ. ಒಂದು ಕಚೇರಿಗೆ ಹೋದರೆ ಈ ರಸ್ತೆ ನಮ್ಮದಲ್ಲ ಎಂದರು, ಇನ್ನೊಂದು ಕಡೆಯೂ ಅದೇ ಮಾತು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮದ ರಸ್ತೆ, ಒಂದೊಂದಕ್ಕೆ ಒಬ್ಬೊಬ್ಬರು ಹೊಣೆ. ಕೊನೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ರಸ್ತೆಗಳ ಪಟ್ಟಿ ಕೇಳಿದೆ. ಕಾನೂನಿನ ಗಡುವು 30 ದಿನ, ಉತ್ತರ ಬಂದದ್ದು 27ನೇ ದಿನ. ಇದನ್ನು ನವೆಂಬರಿನಲ್ಲೇ ಕೇಳಿಟ್ಟುಕೊಂಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ನೀವು ಹಾಗೆ ಮಾಡಿ. ಆಮೇಲೆ 58 ಬೋರ್ಡುಗಳನ್ನು ಹೊಣೆಗಾರರ ಪ್ರಕಾರ ಬೇರೆ ಮಾಡಿ, ಫೋಟೊ, ಸ್ಥಳ, ಬೋರ್ಡಿನ ಮೇಲೆ ಇರಬೇಕಾದ ಹೆಸರು ಬರೆದು ಎರಡೆರಡು ಪ್ರತಿ ಕಲರ್ ಪ್ರಿಂಟ್ ತೆಗೆಸಿದೆ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ತಾರೀಕು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಹಾರ್ಡ್ ಡಿಸ್ಕ್, ಪೆಟ್ರೋಲ್, ಪ್ರಿಂಟ್ ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು ಒಂಬತ್ತು ಸಾವಿರದ ಆಸುಪಾಸು.

ಈವರೆಗೆ ಹದಿನಾಲ್ಕು ಬೋರ್ಡುಗಳ ಪಾಚಿ ಕೆರೆದು, ಪೊದೆ ಕಡಿದಿದ್ದಾರೆ. ನಮ್ಮ ಕವಲಿನದು ಪಂಚಾಯಿತಿ ರಸ್ತೆ. ತಗಡು ತುಕ್ಕು ಹಿಡಿದು ತೊಳೆದರೂ ಪ್ರಯೋಜನವಿಲ್ಲ ಎಂದಾದಾಗ, ಊರವರೇ ಹೊಸದು ಹಾಕಲು ಪಂಚಾಯಿತಿಯವರು ಒಪ್ಪಿಗೆ ಕೊಟ್ಟರು. ಆರ್ಟಿಸ್ಟ್ ಅಣ್ಣ ತಗಡು ತಂದು ನಮ್ಮ ಕಾಫಿ ಕಣದಲ್ಲಿ ಹರವಿಕೊಂಡು, ‘ನಿಮ್ಮ ಕಂಪ್ಯೂಟರಿಗೆ ಬೇಕಾದ ಹಾಗೆ ಬರೀಲಾ?’ ಎಂದು ಕೇಳಿದರು. ಅಪ್ಪ ಕುರ್ಚಿಯಿಂದಲೇ, ‘ರಾತ್ರಿ ಮಳೇಲಿ ಗಾಡಿ ಓಡಿಸೋನಿಗೆ ಕಾಣೋ ಹಾಗೆ ಬರಿಯಪ್ಪ’ ಎಂದರು. ಒತ್ತು ದೊಡ್ಡದಾಗಿಯೇ ಬಂತು. ಮೊದಲ ಮಳೆ ಬಿದ್ದ ಸಂಜೆ ಹೋಗಿ ಫೋಟೊ ತೆಗೆದು ಓದಿಸಿದೆ: ಎಡಕ್ಕೆ ನಮ್ಮೂರು, ಹಿಂದಕ್ಕೆ ಅಮ್ಮತ್ತಿ. ಎರಡು ಒತ್ತೂ ಇದ್ದವು.